ಬೆಳಕಿಗೆ ಬೆಳಕು ಸೇರಿದರೆ ಕತ್ತಲೆ



ಕತ್ತಲಾದ ಮೇಲೆ ಮೀಡಿಯಂ ವೇವ್‌ನಲ್ಲಿ ಸ್ವಲ್ಪ ದೂರದ ನಿಲಯವೊಂದನ್ನು ಹಿಡಿದು ಕೂತವರಿಗೆ ಈ ಅನುಭವ ಇದ್ದೇ ಇರುತ್ತದೆ. ವಾರ್ತೆ ಓದುವವರ ದನಿ ಚೆನ್ನಾಗಿ ಬರುತ್ತಿರುತ್ತದೆ. ಇದ್ದಕ್ಕಿದ್ದಂತೆ ಬಾವಿಗೆ ಇಳಿದ ಹಾಗೆ ಕುಗ್ಗುತ್ತದೆ, ಮತ್ತೆ ಮೇಲೇಳುತ್ತದೆ. ಸೆಟ್ಟು ಕೆಟ್ಟಿರುವುದಿಲ್ಲ. ಒಂದೇ ನಿಲಯದ ಅಲೆ ಎರಡು ದಾರಿಯಲ್ಲಿ ನಿಮ್ಮ ಮನೆ ಸೇರುತ್ತಿರುತ್ತದೆ. ಒಂದು ನೆಲ ಹಿಡಿದು ಬಂದದ್ದು. ಇನ್ನೊಂದು ಮೇಲೆ ನೂರಾರು ಕಿಲೋಮೀಟರ್ ಹಬ್ಬಿರುವ ಅಯಾನುಗೋಳದ ವರೆಗೆ ಹೋಗಿ ತಿರುಗಿ ಬಂದದ್ದು. ಎರಡರ ಉಬ್ಬುಗಳೂ ಒಟ್ಟಿಗೆ ಬಂದಾಗ ದನಿ ಏರುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದಾಗ ಇಳಿಯುತ್ತದೆ. ಪಠ್ಯಪುಸ್ತಕಗಳು ಇದನ್ನು ವ್ಯತಿಕರಣ ಎನ್ನುತ್ತವೆ.

ಈ ಲೆಕ್ಕ ಮೊದಲು ಚೆನ್ನಾಗಿ ಕೂಡಿ ಬಂದದ್ದು ಸಮುದ್ರದ ನೀರಿನಲ್ಲಿ. ಉತ್ತರ ವಿಯೆಟ್ನಾಮಿನ ಕರಾವಳಿಯ ಟಾಂಕಿನ್ ಕೊಲ್ಲಿಯ ಒಂದು ಬಂದರಿನಲ್ಲಿ ದಿನಕ್ಕೆ ಎರಡು ಸಲ ಬರಬೇಕಾದ ಭರತ ಒಂದೇ ಸಲ ಬರುತ್ತದೆ, ತಿಂಗಳಲ್ಲಿ ಕೆಲವು ದಿನ ನೀರು ಏರುವುದೂ ಇಲ್ಲ ಇಳಿಯುವುದೂ ಇಲ್ಲ ಎಂಬ ವರದಿ 1684ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಐಸಾಕ್ ನ್ಯೂಟನ್ 1687ರ ತಮ್ಮ ಪ್ರಿನ್ಸಿಪಿಯಾದಲ್ಲಿ ಇದಕ್ಕೆ ಕಾರಣ ಕೊಟ್ಟರು: ಭರತ ಅಲ್ಲಿಗೆ ಎರಡು ಕಡಲುಗಳಿಂದ ಬರುತ್ತದೆ, ಒಂದು ಇನ್ನೊಂದಕ್ಕಿಂತ ಆರು ಗಂಟೆ ತಡವಾಗಿ. ಒಂದು ಏರುವ ಹೊತ್ತಿಗೆ ಇನ್ನೊಂದು ಇಳಿಯುತ್ತದೆ, ನೀರು ಇದ್ದಲ್ಲೇ ಇರುತ್ತದೆ.

ಅದೇ ನ್ಯೂಟನ್ ಬೆಳಕಿನ ವಿಷಯದಲ್ಲಿ ಕಣಗಳ ಕಡೆಗೆ ವಾಲಿದರು. ಗಾಜಿನ ಮೇಲೆ ಉಬ್ಬು ಮಸೂರ ಇಟ್ಟಾಗ ಕಾಣುವ ಬಣ್ಣದ ಉಂಗುರಗಳನ್ನು ಅವರಷ್ಟು ನಿಷ್ಠೆಯಿಂದ ಅಳೆದವರು ಆಗ ಯಾರೂ ಇರಲಿಲ್ಲ. ಟಾಂಕಿನ್ನಿನ ನೀರು ಆ ಉಂಗುರಗಳಲ್ಲೂ ಇದೆ ಎಂದು ಹೊಳೆಯಲು ಇನ್ನೊಬ್ಬರು ಬರಬೇಕಾಯಿತು.

ಅವರು ಥಾಮಸ್ ಯಂಗ್, ವೃತ್ತಿಯಿಂದ ವೈದ್ಯರು. ನಾದದ ಅಲೆಗಳ ಬಗ್ಗೆ ಮೊದಲು ಕೆಲಸ ಮಾಡಿದವರು. ನ್ಯೂಟನ್ನರ ಪ್ರಯೋಗಗಳನ್ನೇ ಮನನ ಮಾಡುತ್ತಿದ್ದಾಗ, 1801ರ ಮೇ ತಿಂಗಳಲ್ಲಿ ತಮಗೆ ವ್ಯತಿಕರಣದ ನಿಯಮ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ನ್ಯೂಟನ್ನರ ಉಂಗುರಗಳ ಅಳತೆಯಿಂದಲೇ ಅವರು ಬೆಳಕಿನ ಅಲೆಯ ಉದ್ದವನ್ನು ತೆಗೆದರು: ಕೆಂಪಿನ ಅಂಚಿನಲ್ಲಿ ಅಂಗುಲಕ್ಕೆ 37 ಸಾವಿರಕ್ಕೂ ಹೆಚ್ಚು ಅಲೆ, ನೇರಳೆಯ ಅಂಚಿನಲ್ಲಿ ಸುಮಾರು 60 ಸಾವಿರ. ಇಂದಿನ ಅಳತೆಗೂ ಅದಕ್ಕೂ ದೊಡ್ಡ ಅಂತರವಿಲ್ಲ.

ಎರಡು ಸೀಳುಗಳ ಮೂಲಕ ಬೆಳಕು ಹಾಯಿಸುವ ಯಂಗ್ ಪ್ರಯೋಗದ ಚಿತ್ರ ನಮಗೆಲ್ಲ ಗೊತ್ತು. ಆದರೆ 1803ರ ನವೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಅವರು ವಿವರಿಸಿದ ಪ್ರಯೋಗ ಇನ್ನೂ ಸರಳ, ನನಗೆ ಇನ್ನೂ ಪ್ರಿಯ. ಕಿಟಕಿಯ ಕದದಲ್ಲಿ ಒಂದು ಕಿಂಡಿ, ಅದಕ್ಕೆ ದಪ್ಪ ಕಾಗದ, ಕಾಗದದಲ್ಲಿ ಸೂಜಿ ಚುಚ್ಚಿದ ತೂತು. ಒಳಬಂದ ಬಿಸಿಲ ಎಳೆಗೆ ಅಡ್ಡವಾಗಿ ಅಂಗುಲದ 30ರಲ್ಲಿ ಒಂದು ಭಾಗದಷ್ಟು ಅಗಲದ ಕಾರ್ಡಿನ ಪಟ್ಟಿ. ಪಟ್ಟಿಯ ನೆರಳಿನೊಳಗೇ ಬೆಳಕಿನ ಗೆರೆಗಳೂ ಕತ್ತಲೆಯ ಗೆರೆಗಳೂ ಸಾಲಾಗಿ ಮೂಡಿದವು. ಈಗ ಪಟ್ಟಿಯ ಒಂದು ಅಂಚಿನಿಂದ ಬರುವ ಬೆಳಕನ್ನು ಅವರು ಮರೆಮಾಡಿದರು. ಇನ್ನೊಂದು ಅಂಚಿನ ಬೆಳಕು ಎಂದಿನಂತೆ ಬರುತ್ತಲೇ ಇತ್ತು. ಆದರೂ ನೆರಳಿನೊಳಗಿನ ಗೆರೆಗಳಷ್ಟೂ ಮಾಯ. ಬೆಳಕನ್ನು ಕಡಿಮೆ ಮಾಡಿದಾಗ ಕತ್ತಲೆಯ ಗೆರೆ ಅಳಿಸಿಹೋಯಿತು! ಆ ಗೆರೆ ಎರಡು ಬೆಳಕುಗಳು ಕೂಡಿ ಮಾಡಿದ ಕತ್ತಲೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅಲ್ಲಿ ಬೆಳಕು ಸತ್ತುಹೋಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕತ್ತಲೆಯ ಗೆರೆಗೆ ಸಲ್ಲದ ಬೆಳಕು ಪಕ್ಕದ ಬೆಳಕಿನ ಗೆರೆಗೆ ಸಲ್ಲುತ್ತದೆ.

ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್ ಹೆಸರು ಹಾಕದೆ ಈ ವಿಚಾರಗಳಿಗಾಗಿ ಯಂಗ್ ಅವರನ್ನು ಕಟುವಾಗಿ ಹಳಿದರು. ಯಂಗ್ ಉತ್ತರವಾಗಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ಮಾರಾಟವಾದದ್ದು ಒಂದೇ ಪ್ರತಿ.

ಯಂಗ್ ಅವರಿಗಿದ್ದ ಒಳನೋಟಕ್ಕೆ ಪೂರ್ಣ ಗಣಿತ ಒದಗಿಸಿದವರು ಫ್ರಾನ್ಸಿನ ರಸ್ತೆ ಎಂಜಿನಿಯರ್ ಆಗಸ್ಟಿನ್ ಫ್ರೆನೆಲ್. ಅವರ ಲೆಕ್ಕ ಸರಿಯಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕಾಗುತ್ತದೆ, ಅದು ಅಸಂಬದ್ಧ ಎಂದು ಕಣವಾದಿ ಪಾಯಸಾನ್ ಆಕ್ಷೇಪಿಸಿದರು. ಇನ್ನೊಬ್ಬ ವಿಜ್ಞಾನಿ ಅರಾಗೋ ಪರೀಕ್ಷಿಸಿ ನೋಡಿದರು, ಚುಕ್ಕೆ ಅಲ್ಲಿತ್ತು. ಇದೇ ಫ್ರೆನೆಲ್ ಮತ್ತು ಅರಾಗೋ ಕೂಡಿ ಮತ್ತೊಂದು ಸಂಗತಿ ಕಂಡುಕೊಂಡರು: ಒಂದು ಕಿರಣದ ಕಂಪನ ಇನ್ನೊಂದರದ್ದಕ್ಕೆ ನೇರ ಅಡ್ಡವಾಗಿದ್ದರೆ ಅವು ಸೇರಿದಾಗ ಗೆರೆಗಳೇ ಮೂಡುವುದಿಲ್ಲ.

ಹಾಗಾದರೆ ಕಂಪನಗಳು ಒಂದೇ ಬಗೆಯವೂ ಅಲ್ಲ, ನೇರ ಅಡ್ಡವೂ ಅಲ್ಲ, ನಡುವೆ ಎಲ್ಲೋ ಇವೆ ಎಂದಾಗ? ಅಂಥ ಎರಡು ಕಿರಣಗಳು ಹೆಜ್ಜೆ ಕೂಡಿ ನಡೆಯುತ್ತಿವೆ ಎನ್ನುವುದಕ್ಕೆ ಅರ್ಥವೇನು? ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡು ಬಿಡಿಸಿದ್ದು ಬೆಂಗಳೂರಿನಲ್ಲಿ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಮೂಲಕ ಬೆಳಕು ಹಾಯುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದ ಎಸ್. ಪಂಚರತ್ನಂ, ಸಿ. ವಿ. ರಾಮನ್ ಅವರ ಸೋದರಳಿಯ, 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಉತ್ತರ ಬರೆದರು. ಆಗ ಅವರಿಗೆ 22 ವರ್ಷ. ಎರಡನ್ನೂ ಕೂಡಿಸಿದಾಗ ಬೆಳಕು ಅತಿ ಹೆಚ್ಚು ಪ್ರಖರವಾದರೆ ಅವು ಹೆಜ್ಜೆ ಕೂಡಿವೆ ಎಂದುಕೊಳ್ಳೋಣ ಎಂದರು. ಇಷ್ಟು ಸರಳ ಮಾತಿನಿಂದ ಹೊರಟು ಅವರು ತಲುಪಿದ ಜಾಗ ಬೆರಗು ಹುಟ್ಟಿಸುತ್ತದೆ. ಮೊದಲ ಕಿರಣ ಎರಡನೆಯದರೊಂದಿಗೆ ಹೆಜ್ಜೆ ಕೂಡಿದೆ, ಎರಡನೆಯದು ಮೂರನೆಯದರೊಂದಿಗೆ ಕೂಡಿದೆ. ಅಷ್ಟಾದರೂ ಮೂರನೆಯದು ಮೊದಲನೆಯದರೊಂದಿಗೆ ಕೂಡಿರಬೇಕೆಂದಿಲ್ಲ. ಎಷ್ಟು ತಪ್ಪಿದೆ ಎಂಬುದನ್ನು ಗೋಲದ ಮೇಲೆ ಬರೆದ ತ್ರಿಕೋನವೊಂದರ ವಿಸ್ತಾರವೇ ಹೇಳುತ್ತದೆ ಎಂದು ತೋರಿಸಿಕೊಟ್ಟರು.

ಪಂಚರತ್ನಂ ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲವು ವರ್ಷ ಕಲಿಸಿದರು, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ, 35ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. 1984ರಲ್ಲಿ ಬ್ರಿಸ್ಟಲ್‌ನ ಭೌತವಿಜ್ಞಾನಿ ಮೈಕೇಲ್ ಬೆರ್ರಿ ಕ್ವಾಂಟಂ ಸಿದ್ಧಾಂತದ ದಾರಿಯಿಂದ ಹೊರಟು ಇಂಥದೇ ತತ್ವಕ್ಕೆ ಬಂದು ಜಗತ್ತಿನ ಗಮನ ಸೆಳೆದರು. ವಿಜ್ಞಾನಿಗಳಾದ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದು ಬೆಂಗಳೂರಿನ ಹಳೆಯ ಲೇಖನದತ್ತ ಬೆರಳು ತೋರಿದರು. ಮರುವರ್ಷ ಬೆರ್ರಿ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಪಂಚರತ್ನಂ ಹೆಸರನ್ನು ಇಟ್ಟರು. ಪಂಚರತ್ನಂ ತೀರಿಕೊಂಡು ಆಗ 18 ವರ್ಷವಾಗಿತ್ತು.