ತಡೆಯುವ ಕೈ, ಬಿಡುವ ಕೈ



ಬೆಚ್ಚಗಿರಲೆಂದು ಕಾರಿನ ಎಂಜಿನ್ ಸಂದಿಯಲ್ಲಿ ಮಲಗುವ ಬೆಕ್ಕಿನ ಮರಿಗಳು ಕೆಲವೊಮ್ಮೆ ಕಾಲು ಕಳೆದುಕೊಳ್ಳುತ್ತವೆ. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಅಂಥ ಮರಿಯನ್ನು ಕಂಡರೆ ಮೊದಲು ಬಾಯಿಗೆ ಬರುವ ಮಾತು, ‘ಅಯ್ಯೋ ಪಾಪ!’ ಆದರೆ ಮರಿಗೆ ಮರುಕಕ್ಕಿಂತ ಹೆಚ್ಚಾಗಿ ಬೇಕಾದದ್ದು ನಮ್ಮ ಎಚ್ಚರ.

ಹೊಲಿಗೆ ಬಿಚ್ಚುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ಅದು ಎಗರಬಾರದು, ಗಾಯ ನೆಕ್ಕಬಾರದು. ಅದಕ್ಕೇ ಕೊರಳಿಗೆ ಕೋನ್, ಇರಲು ಚಿಕ್ಕ ಜಾಗ, ಕಾಲು ಜಾರದಂತೆ ನೆಲಕ್ಕೊಂದು ಗೋಣಿತಾಟು. ಮಲವಿಸರ್ಜನೆಯ ತಟ್ಟೆಗೆ ಮರಳು ಬೇಡ, ಗಾಯಕ್ಕೆ ಅಂಟುತ್ತದೆ. ಹರಿದ ಕಾಗದ ಹಾಕಬೇಕು. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಊಟ ಬಿಟ್ಟರೆ, ಮೂಲೆ ಸೇರಿದರೆ ವೈದ್ಯರಿಗೆ ತಿಳಿಸಬೇಕು. ನಾವು ನುಂಗುವ ಪ್ಯಾರಾಸಿಟಮಾಲನ್ನು ಮಾತ್ರ ಎಂದೂ ಕೊಡಬಾರದು. ಬೆಕ್ಕಿನ ಯಕೃತ್ತು ಅದನ್ನು ನಿಭಾಯಿಸಲಾರದು. ಒಂದು ಮಾತ್ರೆಯೂ ಪ್ರಾಣ ತೆಗೆಯಬಹುದು.

ಈ ದಿನಗಳಲ್ಲಿ ತಡೆಯುವುದೇ ಆರೈಕೆ. ಗಾಯ ಮಾಗಿದ ಮೇಲೆ ತಡೆಯದಿರುವುದೇ ಆರೈಕೆ. ಪ್ರತಿಸಲವೂ ಮರಿಯನ್ನು ಊಟದ ಬಟ್ಟಲಿನ ಬಳಿಗೆ ಎತ್ತಿಕೊಂಡೇ ಹೋದರೆ ಉಳಿದ ಮೂರು ಕಾಲು ಬಲಿಯುವುದು ಯಾವಾಗ? ಮರಿ ಎಡವುತ್ತದೆ, ವಾಲುತ್ತದೆ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹೊಸ ನಡಿಗೆ ಕಲಿಯುತ್ತದೆ.

ಕಾಯಿಲೆಯಿಂದ ಏಳುತ್ತಿರುವ ಮನೆಯ ಹಿರಿಯರ ವಿಷಯದಲ್ಲೂ ಇದೇ ನ್ಯಾಯ. ಅಜ್ಜ ತಾವೇ ಲೋಟಕ್ಕೆ ಕೈಚಾಚಿದಾಗ ಒಂದು ಗಳಿಗೆ ಕಾಯೋಣ. ಕೈ ನಡುಗಿದರೆ ಹಿಡಿಯಲು ನಾವು ಪಕ್ಕದಲ್ಲೇ ಇದ್ದೇವಲ್ಲ.