ಕಿಡ್ನಿಯ ಗಡ್ಡೆಗೆ ಎಂಆರ್‌ಐ ಕೇಳುವ ಪ್ರಶ್ನೆ

ಕಿಡ್ನಿಯಲ್ಲಿ ಕಂಡ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ಅಯಸ್ಕಾಂತವೇ ಹೇಳಿಬಿಡಲಿ ಎಂಬ ಆಸೆ ಎಂಆರ್‌ಐ ಚಿತ್ರಕ್ಕಿಂತಲೂ ಹಳೆಯದು. 1971ರಲ್ಲಿ ಅಮೆರಿಕದ ವೈದ್ಯ ರೇಮಂಡ್ ಡಮೇಡಿಯನ್ ಇಲಿಗಳ ಗಡ್ಡೆಗಳನ್ನು ಪರೀಕ್ಷಿಸಿದರು. ಕಾಂತಕ್ಷೇತ್ರದಲ್ಲಿ ಕದಲಿದ ಹೈಡ್ರೋಜನ್ ಪರಮಾಣುಗಳು ಮೊದಲಿನ ಸ್ಥಿತಿಗೆ ಮರಳಲು ಅಲ್ಲಿ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಒಂದು ಸಂಖ್ಯೆ ಅಳೆದರೆ ಕ್ಯಾನ್ಸರ್ ಸಿಕ್ಕಿಬೀಳುತ್ತದೆ ಎನಿಸಿತು. ಆದರೆ ಉರಿಯೂತದಲ್ಲೂ, ಬರೀ ನೀರು ತುಂಬಿದ ಊತದಲ್ಲೂ ಆ ಹೊತ್ತು ಹಿಗ್ಗುತ್ತದೆ. ಆ ಪರಮಾಣುಗಳ ಸಂಕೇತಗಳಿಂದ ಚಿತ್ರ ಕಟ್ಟುವ ದಾರಿಯನ್ನು 1973ರಲ್ಲಿ ಪಾಲ್ ಲಾಟರ್ಬರ್ ತೋರಿಸಿದರು. 2003ರ ನೊಬೆಲ್ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ ಸಂದಿತು.

ಎರಡನೆಯ ಆಸೆ ಕೊಬ್ಬಿನ ಮೇಲಿತ್ತು. ನೀರು, ಕೊಬ್ಬುಗಳ ಸಂಕೇತವನ್ನು ಬೇರ್ಪಡಿಸುವ ಉಪಾಯವನ್ನು 1984ರಲ್ಲಿ ಡಿಕ್ಸನ್ ಕೊಟ್ಟರು. ರಕ್ತನಾಳ, ಸ್ನಾಯು, ಕೊಬ್ಬು ಸೇರಿ ಬೆಳೆಯುವ ಆಂಜಿಯೋಮಯೋಲಿಪೋಮಾ ಎಂಬ ಗಡ್ಡೆ ಕ್ಯಾನ್ಸರ್ ಅಲ್ಲ. ಕೊಬ್ಬು ಢಾಳಾಗಿ ಕಂಡರೆ ಅದರ ಗುರುತು ಸಾಮಾನ್ಯವಾಗಿ ಸುಲಭ. ತೊಡಕು ಇರುವುದು ಕೊಬ್ಬು ತೀರಾ ಕಡಿಮೆಯಿದ್ದಾಗ. ಕಿಡ್ನಿಯ ಅತಿ ಸಾಮಾನ್ಯ ಕ್ಯಾನ್ಸರಾದ ಕ್ಲಿಯರ್ ಸೆಲ್‌ನ ಕೋಶಗಳೊಳಗೂ ಕೊಬ್ಬಿನ ಹನಿಗಳಿರುತ್ತವೆ. ಕೊಬ್ಬು ಕಡಿಮೆಯಿರುವ ಆಂಜಿಯೋಮಯೋಲಿಪೋಮಾ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ಪ್ಯಾಪಿಲರಿ ಎಂಬ ಇನ್ನೊಂದು ಬಗೆಯ ಕಿಡ್ನಿ ಕ್ಯಾನ್ಸರೂ ಹಾಗೆಯೇ. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಿದವರು ಗೆದ್ದರು ಎಂಬುದು ನನ್ನ ವಾದ. ಡಲ್ಲಾಸ್‌ನ ತಜ್ಞರು 2017ರಲ್ಲಿ ಪ್ರಕಟಿಸಿದ 1ರಿಂದ 5ರವರೆಗಿನ ಅಂಕ 'ಕ್ಯಾನ್ಸರೇ?' ಎಂದು ಕೇಳುವುದಿಲ್ಲ, 'ಕ್ಲಿಯರ್ ಸೆಲ್ ಆಗಿರುವ ಸಂಭವ ಎಷ್ಟು?' ಎನ್ನುತ್ತದೆ. ಹಲವು ಬಗೆಯ ಚಿತ್ರಗಳ ಸಾಕ್ಷ್ಯವನ್ನು ಒಟ್ಟಿಗೆ ತೂಗುತ್ತದೆ. ಅಂಕ ಕಡಿಮೆಯೆಂದರೆ ಕ್ಯಾನ್ಸರ್ ಇಲ್ಲವೆಂದಲ್ಲ; ಪ್ಯಾಪಿಲರಿ ಅಲ್ಲಿಯೇ ಅಡಗಿರಬಹುದು.

ಇಷ್ಟು ಅನುಮಾನವಿದ್ದರೆ ಕತ್ತರಿಸಿ ತೆಗೆಯುವುದೇ ಲೇಸಲ್ಲವೇ ಎನ್ನಬಹುದು. ಆದರೆ ಮೇಯೋ ಕ್ಲಿನಿಕ್‌ನವರು 2003ರಲ್ಲಿ ಕೊಟ್ಟ ಲೆಕ್ಕದಂತೆ, ಶಸ್ತ್ರಚಿಕಿತ್ಸೆಯಾದ ಗಡ್ಡೆಗಳಲ್ಲಿ ಸುಮಾರು ಶೇ 13 ಕ್ಯಾನ್ಸರ್ ಆಗಿರಲೇ ಇಲ್ಲ. 1 ಸೆಂಟಿಮೀಟರಿಗಿಂತ ಚಿಕ್ಕವುಗಳಲ್ಲಿ ಶೇ 46. ಇನ್ನು ಸಿಟಿ ಸ್ಕ್ಯಾನ್ ಅಗ್ಗ, ಬೇಗ ಮುಗಿಯುತ್ತದೆ, ಅದೇ ಸಾಕು ಎಂಬ ಮಾತು ಹಗುರವಾದದ್ದಲ್ಲ. ಹೆಚ್ಚಿನವರಿಗೆ ಸಾಕು ಕೂಡ. ಆದರೆ ಕಿಡ್ನಿಯ ನೀರುಗುಳ್ಳೆಗಳಿಗೆ 1986ರಲ್ಲಿ ಬೋಸ್ನಿಯಾಕ್ ಸಿಟಿ ಆಧರಿಸಿ ಮಾಡಿದ ವರ್ಗೀಕರಣ 2019ರ ಪರಿಷ್ಕರಣೆಯಲ್ಲಿ ಎಂಆರ್‌ಐಗೂ ನಿಯಮ ಬರೆದುಕೊಂಡಿತು. ಸಿಟಿ ತಡವರಿಸುವ ಕಡೆ ಎಂಆರ್‌ಐ ನೆರವಾಗುವುದೇ ಇದಕ್ಕೆ ಕಾರಣ. ಬಯಾಪ್ಸಿಯ ಅಗತ್ಯವೂ ಮುಗಿದಿಲ್ಲ: ಆಂಕೋಸೈಟೋಮಾ ಎಂಬ ನಿರಪಾಯ ಗಡ್ಡೆಯನ್ನು ಕ್ರೋಮೋಫೋಬ್ ಕ್ಯಾನ್ಸರಿನಿಂದ ಬೇರ್ಪಡಿಸುವಾಗ ಎಂಆರ್‌ಐ ಎಡವುತ್ತದೆ, ಸೂಜಿಯಲ್ಲಿ ಬಂದ ತುಣುಕನ್ನು ನೋಡುವ ರೋಗಶಾಸ್ತ್ರಜ್ಞರೂ ಕೆಲವೊಮ್ಮೆ ತಡವರಿಸುತ್ತಾರೆ.