ಬೂಷ್ಟು ಹಿಡಿದ ಹಿಂಡಿ, ಸೊರಗುವ ಮೀನು
(ನೀಲಗುಂದದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಗುಡ್ಡ, ಕಾಡು, ನೀರುಗಳ ಕುರಿತು ನಾವು ಅನೇಕ ಸಲ ಮಾತನಾಡಿದ್ದೇವೆ. ಇಂದು ನಮ್ಮ ಕಣದಿಂದಲೇ ಹೊರಟು ಮೀನಿನ ಹೊಂಡವನ್ನು ಸೇರುವ, ಕಣ್ಣಿಗೆ ಕಾಣದ ಒಂದು ವಿಷದ ಬಗ್ಗೆ ಹೇಳಬಯಸುತ್ತೇನೆ.

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಯ ಹೊಲಗಳಲ್ಲಿ ಶೇಂಗಾ, ಮೆಕ್ಕೆಜೋಳಗಳು ಮುಖ್ಯ ಬೆಳೆಗಳು. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ಅಕ್ಕಿ ತೌಡಿನೊಡನೆ ಬೆರೆಸಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಹಾಕುವುದು ವಾಡಿಕೆ. ಹಿಂಡಿಗೆ ಬೂಷ್ಟು ಹಿಡಿದರೆ ದನಕ್ಕೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಆಗ ‘ಹೋಗಲಿ, ಮೀನಿಗೆ ಹಾಕಿದರಾಯಿತು’ ಎನ್ನುತ್ತೇವೆ. ಈ ಮಾತನ್ನೇ ನಾವು ಬಿಡಬೇಕಾಗಿದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಗಿಲಾದ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಶೇಂಗಾ ಹಿಂಡಿ. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರಾಯಿತು. ಅದೇ ಕಾಲದಲ್ಲಿ ಅಮೆರಿಕದ ಸಾಕಣೆ ಕೇಂದ್ರಗಳ ಟ್ರೌಟ್ ಮೀನುಗಳ ಯಕೃತ್ತಿನಲ್ಲಿ ಗೆಡ್ಡೆಗಳು ಕಾಣಿಸಿಕೊಂಡವು. ಅಲ್ಲಿನ ಅಪರಾಧಿ ಹತ್ತಿಕಾಳಿನ ಹಿಂಡಿ. ಒಂದು ಟನ್ ಆಹಾರದಲ್ಲಿ ಒಂದು ಮಿಲಿಗ್ರಾಂ ಅಫ್ಲಾಟಾಕ್ಸಿನ್ ಇದ್ದರೂ ಟ್ರೌಟ್‌ಗೆ ಅರ್ಬುದ ತಗಲಬಲ್ಲದು.

ನಮ್ಮ ಮೀನುಗಳು ಟ್ರೌಟ್‌ನಷ್ಟು ಸೂಕ್ಷ್ಮವಲ್ಲ ಎಂಬುದು ನಿಜ. ಆದರೆ ಅವುಗಳಿಗೂ ಕೇಡು ತಪ್ಪಿದ್ದಲ್ಲ. ವಿಷ ಮೊದಲು ಯಕೃತ್ತನ್ನು ಕೆಡಿಸುತ್ತದೆ. ಮೇವು ಮೈಗೆ ಹತ್ತುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ರೋಗವನ್ನು ತಡೆಯುವ ಶಕ್ತಿ ಕುಗ್ಗುವುದರಿಂದ ಬೇರೆ ಸೋಂಕುಗಳು ಸುಲಭವಾಗಿ ಅಂಟುತ್ತವೆ. ಸಾಕಿದವನು ಸೋಂಕನ್ನು ಕಾಣುತ್ತಾನೆಯೇ ಹೊರತು ಅದರ ಹಿಂದಿರುವ ಹಿಂಡಿಯನ್ನು ಕಾಣುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಮೀನು ಸತ್ತರೆ ಊರಿನಲ್ಲಿ ಮೊದಲು ಏಳುವ ಗುಸುಗುಸು ‘ಯಾರೋ ವಿಷ ಹಾಕಿದರು’ ಎಂಬುದು. ಒಂದೇ ರಾತ್ರಿಯಲ್ಲಿ ಮೀನುಗಳೆಲ್ಲ ತೇಲಿದರೆ ಅದಕ್ಕೆ ಬಹುಮಟ್ಟಿಗೆ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಇಳಿದದ್ದೇ ಕಾರಣ. ಬೂಷ್ಟಿನ ವಿಷ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮೆಲ್ಲನೆ ಕೆಲಸ ಮಾಡುತ್ತದೆ. ನೆರೆಯವರನ್ನು ದೂರುವ ಮುನ್ನ ನೀರನ್ನೂ ಮೇವಿನ ಚೀಲವನ್ನೂ ಪರೀಕ್ಷಿಸಬೇಕು.

ಇದು ಮೀನಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಹಸು ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. 1995ರಲ್ಲಿ ನಮ್ಮದೇ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಕೆಟ್ಟ ಜೋಳ, ಮೆಕ್ಕೆಜೋಳ ಉಂಡವರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಅಲ್ಲಿದ್ದುದು ಫ್ಯುಮೊನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ.

ಹಾಗಾದರೆ ನಾವು ಮಾಡಬೇಕಾದದ್ದೇನು? ಕಾಯಿ ಬಲಿಯುವಾಗ ಬರ ಬಿದ್ದರೆ ಈ ಬೂಷ್ಟು ಹೊಲದಲ್ಲಿಯೇ ಶೇಂಗಾವನ್ನು ಹೊಕ್ಕುತ್ತದೆ. ಕೊಯ್ಲಿನ ನಂತರದ ತೇವ ಅದನ್ನು ಬೆಳೆಸುತ್ತದೆ. ಆದ್ದರಿಂದ ಒಡೆದ, ಹುಳು ಕೊರೆದ ಕಾಯಿಗಳನ್ನು ಬೇರ್ಪಡಿಸಿರಿ. ಶೇಂಗಾ ಕಾಯಿಯ ತೇವ ಶೇಕಡಾ 8ಕ್ಕೆ, ಮೆಕ್ಕೆಜೋಳದ ತೇವ ಶೇಕಡಾ 13ಕ್ಕೆ ಇಳಿಯುವವರೆಗೆ ಒಣಗಿಸಿರಿ. ಹಿಂಡಿಯ ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿರಿ. ಮಳೆಗಾಲದಲ್ಲಿ ಕೆಲವೇ ವಾರಗಳಿಗೆ ಬೇಕಾದಷ್ಟು ಮಾತ್ರ ಕೊಳ್ಳಿರಿ. ಬೂಷ್ಟು ಒರೆಸಿದರೆ, ಬಿಸಿಲಿಗೆ ಹಾಕಿದರೆ, ಕುದಿಸಿದರೆ ವಿಷ ಹೋಯಿತೆಂದು ನಂಬಬೇಡಿರಿ. ಅಂತಹ ಹಿಂಡಿಯನ್ನು ಕೋಳಿಗೂ ಹಾಕದೆ ಹೂಳುವುದೇ ಲೇಸು.

ಒಂದು ಚೀಲ ಹಿಂಡಿಯನ್ನು ಹೂಳುವುದು ಬಡ ರೈತನಿಗೆ ಹಗುರವಾದ ಮಾತಲ್ಲವೆಂದು ನಾನು ಬಲ್ಲೆ. ಆದರೆ ಆ ಚೀಲದ ನಷ್ಟ ಅಂದೇ ಲೆಕ್ಕಕ್ಕೆ ಸಿಗುತ್ತದೆ. ಹೊಂಡಕ್ಕೆ ಸುರಿದರೆ ಅದೇ ನಷ್ಟ ಇಡೀ ವರ್ಷದ ದುಡಿಮೆಯನ್ನು ಸದ್ದಿಲ್ಲದೆ ತಿನ್ನುತ್ತದೆ. ವಿದ್ಯಾರ್ಥಿ ಮಿತ್ರರೇ, ಇಂದು ಮನೆಗೆ ಹೋದೊಡನೆ ನಿಮ್ಮ ಮನೆಯ ಹಿಂಡಿಯ ಚೀಲವನ್ನು ಬಿಚ್ಚಿ ನೋಡಿರಿ, ಕಂಡದ್ದನ್ನು ಹಿರಿಯರಿಗೆ ತಿಳಿಸಿರಿ.